ವದಂತಿ ತಡೆಗೆ ಮಸೂದೆಯಷ್ಟೇ ಸಾಲದು





ಸುಳ್ಳು ಸುದ್ದಿ ಹಬ್ಬಿಸಿದರೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ ಎಂಬ ರಾಜ್ಯ ಸರ್ಕಾರದ ಕರಡು ಮಸೂದೆ 2025ರ ಜೂನ್‌ನಲ್ಲಿ ಹೊರಬಿದ್ದಾಗಿನಿಂದ ಚರ್ಚೆಯೆಲ್ಲ ಎರಡೇ ವಿಷಯದ ಸುತ್ತ ನಡೆದಿದೆ: ಶಿಕ್ಷೆ ಹೆಚ್ಚಾಯಿತೆ, ಸುಳ್ಳು ಯಾವುದೆಂದು ತೀರ್ಮಾನಿಸುವವರು ಯಾರು? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಗಡಿಭಾಗದಲ್ಲಿರುವ ನಮಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿದೆ. ‘ಮಕ್ಕಳ ಕಳ್ಳರು ಬಂದಾರ, ಹುಷಾರ್’ ಎಂಬ ಸಂದೇಶ ಮೊಬೈಲಿಗೆ ಬಂದ ಗಳಿಗೆಯಿಂದ ಜನ ಬಡಿಗೆ ಎತ್ತುವವರೆಗಿನ ಒಂದೆರಡು ತಾಸಿನಲ್ಲಿ ಕಾಯ್ದೆ ಎಲ್ಲಿರುತ್ತದೆ?

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿರಬಹುದು. ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸಂದೇಶ ಅವರ ಕಾರಿಗಿಂತ ಮುಂಚೆ ಮುರ್ಕಿ ತಲುಪಿತ್ತು. ಒಬ್ಬ ಎಂಜಿನಿಯರ್ ಜೀವ ಕಳೆದುಕೊಂಡರು, ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಅದಕ್ಕೆ ಹನ್ನೆರಡು ದಿನ ಮುಂಚೆ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರನ್ನು ಬಡಿದು ಕೊಂದರು. ಅವರು ಊರೂರು ತಿರುಗಿ ಭಿಕ್ಷೆ ಬೇಡುವ ಡವರಿ ಗೋಸಾವಿಗಳು, ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಇವೆಲ್ಲ ದೂರದ ಮಾತು ಎನ್ನುವವರು 2022ರ ಸೆಪ್ಟೆಂಬರ್ ನೆನಪಿಸಿಕೊಳ್ಳಲಿ. ಅಥಣಿಗೆ ಹೊಂದಿಕೊಂಡ ಜತ್ತ ತಾಲ್ಲೂಕಿನ ಲವಂಗಾದಲ್ಲಿ, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ ನಾಲ್ವರು ಸಾಧುಗಳು ಹುಡುಗನೊಬ್ಬನಿಗೆ ದಾರಿ ಕೇಳಿದ್ದಕ್ಕೆ ಹೊಡೆತ ತಿಂದರು. ಫಾರ್ವರ್ಡ್ ಮಾಡುವುದಕ್ಕೆ ವಾಟ್ಸ್‌ಆ್ಯಪ್ ಮಿತಿ ಹಾಕಿ, ಗುಂಪುಹತ್ಯೆ ತಡೆಗೆ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿಯನ್ನು ನೇಮಿಸುವಂತೆ ಸುಪ್ರೀಂ ಕೋರ್ಟ್ ಹೇಳಿ ಅಷ್ಟೊತ್ತಿಗೆ ನಾಲ್ಕು ವರ್ಷ ಆಗಿತ್ತು. ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು, ಚಿಂಚಲಿ ಮಾಯಕ್ಕನ ಜಾತ್ರೆಗೆ ಬರುವವರು, ಪಂಢರಪುರದ ದಿಂಡಿಗಳು ಎಂದು ವರ್ಷವಿಡೀ ಹೊರಗಿನವರು ಓಡಾಡುವ ಸೀಮೆ ನಮ್ಮದು. ಭಯಕ್ಕೆ ಇಲ್ಲಿ ಮುಖ ಹುಡುಕಬೇಕಾಗಿಯೇ ಇಲ್ಲ.

2018ರಲ್ಲಿ ಹರಿದಾಡಿದ ವಿಡಿಯೊಗಳಲ್ಲಿ ಒಂದನ್ನು ನೋಡಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅಸಲಿಗೆ ಅದು ಕರಾಚಿಯ ಸಂಸ್ಥೆಯೊಂದು ಪಾಲಕರ ಜಾಗೃತಿಗೆಂದು ಮಾಡಿಸಿದ್ದು. ಮೂಲದಲ್ಲಿ ಅದೇ ಬೈಕಿನವರು ತಿರುಗಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿ ಹಾಕಿದರು, ಅಷ್ಟೇ. ಸುಳ್ಳಿಗಾಗಿ ಹೊಸದೇನನ್ನೂ ಚಿತ್ರಿಸಬೇಕಾಗಲಿಲ್ಲ.

ಈ ಕತ್ತರಿಯ ಕೆಲಸವನ್ನು ಮಕ್ಕಳಿಗೆ ಮೊದಲೇ ತೋರಿಸಿಕೊಡಬೇಕು ಎಂಬುದು ನನ್ನ ವಾದ. ಪೂರ್ತಿ ವಿಡಿಯೊ ತೋರಿಸಿ, ಕೊನೆಯ ತುಂಡನ್ನು ಅವರೇ ಕತ್ತರಿಸುವಂತೆ ಮಾಡಿ, ಈಗ ಇದು ಏನು ಹೇಳುತ್ತದೆ ಎಂದು ಕೇಳಬೇಕು. ಇದು ನನ್ನ ಕಲ್ಪನೆಯ ಮದ್ದಲ್ಲ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮೆಕ್‌ಗೈರ್ 1960ರ ದಶಕದಲ್ಲಿ, ಹಲ್ಲುಜ್ಜಬೇಕು ಎಂಬಂಥ ಯಾರೂ ಪ್ರಶ್ನಿಸದ ನಂಬಿಕೆಗಳ ಮೇಲೆ ಪ್ರಯೋಗ ಮಾಡಿದರು. ಆ ನಂಬಿಕೆಯ ಪರವಾದ ಮಾತುಗಳನ್ನಷ್ಟೇ ಕೇಳಿದ್ದವರು ಎದುರುವಾದ ಬಂದಾಗ ಬೇಗ ಬಗ್ಗಿದರು. ಅದೇ ಎದುರುವಾದದ ದುರ್ಬಲ ರೂಪವನ್ನೂ ಅದಕ್ಕೆ ಉತ್ತರವನ್ನೂ ಮೊದಲೇ ಕೇಳಿದ್ದವರು ಗಟ್ಟಿ ನಿಂತರು. ಲಸಿಕೆ ಕೆಲಸ ಮಾಡುವ ರೀತಿಯೇ ಇದು ಎಂದವರೂ ಅವರೇ. ‘ವದಂತಿಗಳಿಗೆ ಕಿವಿಗೊಡಬೇಡಿ’ ಎಂದು ಆಟೊಗೆ ಮೈಕು ಕಟ್ಟಿ ಸಾರುವ ನಮ್ಮ ಜಾಗೃತಿ ಮೊದಲನೆಯ ಬಗೆಯದು.

ಇದೆಲ್ಲ ಓದಿದವರ, ಪೇಟೆಯವರ ಮದ್ದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು 2022ರಲ್ಲಿ ಯೂಟ್ಯೂಬ್ ಜಾಹೀರಾತಿನ ಜಾಗದಲ್ಲಿ ಇಂಥ ಕಿರುವಿಡಿಯೊ ತೋರಿಸಿದಾಗ, ಮೋಸದ ತಂತ್ರ ಗುರುತಿಸುವ ಶಕ್ತಿ ಸುಧಾರಿಸಿದ್ದು ಸುಮಾರು ಶೇ 5ರಷ್ಟು ಮಾತ್ರ. 2019ರ ಚುನಾವಣೆ ಹೊತ್ತಿಗೆ ಬಿಹಾರದಲ್ಲಿ ಒಂದು ತಾಸು ಪಾಠ ಹೇಳಿ ನೋಡಿದ ಪ್ರಯೋಗವಂತೂ ಸೋತಿತು. ಪಕ್ಷನಿಷ್ಠೆಗೆ ಒಗ್ಗುವ ಸುಳ್ಳನ್ನು ಕೆಲವರು ಪಾಠ ಕೇಳದವರಿಗಿಂತ ಹೆಚ್ಚೇ ನಂಬಿದರು. ಆದರೆ ಅದೇ ಬಿಹಾರದಲ್ಲಿ ಮುಂದೆ 583 ಹಳ್ಳಿಗಳ 13,500 ವಿದ್ಯಾರ್ಥಿಗಳನ್ನು ಒಳಗೊಂಡ ಅಧ್ಯಯನ ನಡೆಯಿತು. ಅದರಲ್ಲಿ ಗ್ರಂಥಾಲಯಗಳಲ್ಲಿ ವಾರಗಟ್ಟಲೆ ತರಗತಿ ಕೇಳಿದ ಮಕ್ಕಳು ಸುಳ್ಳು–ನಿಜ ಬೇರ್ಪಡಿಸುವುದರಲ್ಲಿ ಸ್ಪಷ್ಟವಾಗಿ ಮುಂದಿದ್ದರು. ತಿಂಗಳುಗಳ ಮೇಲೂ ಅದು ಉಳಿದಿತ್ತು, ಪಾಲಕರಿಗೂ ಒಂದಿಷ್ಟು ದಾಟಿತ್ತು. ಸೋತದ್ದು ಒಂದು ತಾಸಿನ ಉಪನ್ಯಾಸ. ನಮ್ಮ ಜಾಗೃತಿ ಸಪ್ತಾಹ, ಪ್ರತಿಜ್ಞಾವಿಧಿ, ಜಾಥಾಗಳೂ ಆ ಜಾತಿಯವೇ.

ಎಲ್ಲವನ್ನೂ ಸಂಶಯಿಸಲು ಕಲಿಸಿದರೆ ನಿಜವಾದ ಎಚ್ಚರಿಕೆಯನ್ನೂ ಜನ ನಂಬುವುದಿಲ್ಲ ಎಂಬ ಮಾತು ನನಗೆ ಹೆಚ್ಚು ತೂಕದ್ದು ಅನಿಸುತ್ತದೆ. ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆಂಬ ನಿಜ ಸುದ್ದಿಯನ್ನು ಕೃಷ್ಣಾ ದಂಡೆಯವರು ಸುಳ್ಳೆಂದು ಕೂತರೆ ಕೆಟ್ಟಂತೆಯೇ. ಅದಕ್ಕೇ ಪಾಠದಲ್ಲಿ ನಿಜ ಸಂದೇಶಗಳೂ ಅರ್ಧಕ್ಕೆ ಅರ್ಧ ಇರಬೇಕು. ಕಲ್ಲೋಳ–ಯಡೂರ ಸೇತುವೆ ಮುಳುಗಿದ ಫೋಟೊ ಇವತ್ತಿನದೋ 2019ರದ್ದೋ ಎಂದು ಹುಡುಕುವುದರ ಜೊತೆಗೇ, ಹೊರಹರಿವಿನ ಅಧಿಕೃತ ಲೆಕ್ಕ ಎಲ್ಲಿ ಸಿಗುತ್ತದೆ ಎಂಬುದನ್ನೂ ಕಲಿಸಬೇಕು. ಕೊಲ್ಹಾಪುರ ಕಡೆಯ ಸಂದೇಶ ಮರಾಠಿಯಲ್ಲಿ ಬರುತ್ತದೆ, ಹಾಗಾಗಿ ಪಾಠ ಎರಡೂ ಭಾಷೆಯಲ್ಲಿ ಆಗಬೇಕು. ಇದರಲ್ಲಿ ಭಾಷಾ ರಾಜಕಾರಣ ತರುವುದು ಬೇಡ.

ಶಿಕ್ಷಕರಿಗೆ ಗಣತಿ, ಚುನಾವಣೆ ಕೆಲಸದ ಹೊರೆ ಈಗಾಗಲೇ ಸಾಕಷ್ಟಿದೆ, ನಿಜ. ಆದರೆ ಈ ಪಾಠಕ್ಕೆ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿವೆಯಲ್ಲ. ಕೇರಳದ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯ ಪಾಠ ಮಾಡಿಸಿತು. ರಾಯಚೂರಿಗೆ ಅಂಟಿಕೊಂಡ ಗದ್ವಾಲದಲ್ಲಿ ಪೊಲೀಸರೇ ಹಾಡು ಕಟ್ಟಿ ಹಳ್ಳಿಗಳಿಗೆ ಹೋದರು. ಎರಡಕ್ಕೂ ಹೊಸ ಕಾಯ್ದೆ ಬೇಕಾಗಲಿಲ್ಲ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರೂ ಜಿಲ್ಲಾ ಪೊಲೀಸರೂ ಕೂತು ಮಾತಾಡಿ, ಕಬ್ಬಿನ ಹಂಗಾಮಿಗೆ ಗ್ಯಾಂಗಿನವರು ಬಂದು ಗುಡಿಸಲು ಹಾಕುವುದರೊಳಗೆ ಎಲ್ಲ ತಾಲ್ಲೂಕುಗಳ ಎಂಟು, ಒಂಬತ್ತನೇ ತರಗತಿಗಳ ಮಕ್ಕಳಿಗೆ ಇದನ್ನು ಶುರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಓದುಗ
ಸದಲಗಾ, ತಾ. ಚಿಕ್ಕೋಡಿ