ಲ್ಯಾಬಿಗೊಂದು ಕೆಟ್ಟ ಇಂಜಿನ್ ಕೊಡಿ

ಮೆಕ್ಯಾನಿಕಲ್ ಓದ್ತಿದ್ದೀವಿ ಅಂತ ಊರಲ್ಲಿ ಗೊತ್ತಾದರೆ ಕಷ್ಟ. ಮಿಕ್ಸಿಯಿಂದ ಹಿಡಿದು ಬೋರ್‌ವೆಲ್ ಮೋಟರ್ ತನಕ ಕೆಟ್ಟಿದ್ದೆಲ್ಲ ನಮ್ಮ ಮುಂದೆ ಬರುತ್ತೆ. ಸಂಕ್ರಾಂತಿ ರಜೆಗೆ ಹೊಸಪೇಟೆಗೆ ಹೋದಾಗ ನನ್ನ ಮುಂದೆ ಬಂದಿದ್ದು ಸೋದರಮಾವನ ಮಾರುತಿ 800. ಹಳೇ ಕಾರ್ಬುರೇಟರ್ ಗಾಡಿ, ವಯಸ್ಸಿನಲ್ಲಿ ನನಗಿಂತ ದೊಡ್ಡದು. "ಮಿಸ್ ಹೊಡೀತೈತಿ, ಪಿಕಪ್ ಇಲ್ಲ. ನೀನು ಇಂಜಿನಿಯರ್ ಅಲ್ಲೇನು ಅಳಿಯಾ, ಏನಾಗೈತಿ ಹೇಳು" ಅಂದರು. ಬಾನೆಟ್ ಎತ್ತಿ, ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿ, "ಇಂಜೆಕ್ಟರ್ ಕ್ಲೀನ್ ಮಾಡಿಸ್ಬೇಕು ಮಾವಾ" ಅಂದೆ. ಕಾರ್ಬುರೇಟರ್ ಗಾಡಿಗೆ ಇಂಜೆಕ್ಟರ್ ಎಲ್ಲಿಂದ ಬರಬೇಕು? ಐಸಿ ಇಂಜಿನ್ ಪೇಪರಿನಲ್ಲಿ ನನಗೆ 81 ಬಂದಿತ್ತು.

ನಗೋದು ಆಮೇಲೆ. ಮಾವನಿಗೆ ಆ ಗಾಡಿಯೇ ಅಂಗಡಿ. ಬಳೆ, ಕ್ಲಿಪ್ಪು, ಬಾಚಣಿಗೆ ತುಂಬಿಕೊಂಡು ವಾರದಲ್ಲಿ ಎರಡು ದಿನ ಕಮಲಾಪುರ, ಹಂಪಿ ಕಡೆ, ಎರಡು ದಿನ ಸಂಡೂರು, ಒಂದು ದಿನ ಕಂಪ್ಲಿ ಅಂಗಡಿಗಳಿಗೆ ಹಾಕಿ ಬರ್ತಾರೆ. ನಾಲ್ಕು ತಿಂಗಳಲ್ಲಿ ಮೂರು ಸಲ ಗಾಡಿ ಗ್ಯಾರೇಜಿನಲ್ಲಿ ನಿಂತಿತ್ತು. ಎರಡು ಸಲ ಹೊಸ ಪ್ಲಗ್, ಒಮ್ಮೆ ಕಾಯಿಲ್, ಒಮ್ಮೆ ಕಾರ್ಬುರೇಟರ್ ಸರ್ವಿಸ್. 11 ಸಾವಿರ ಹೋಯ್ತು. ಕೊನೆಗೆ "ಇಂಜಿನ್ ಬಿಚ್ಚಬೇಕು" ಅಂದರಂತೆ. ಗುಜರಿಗೆ ಹಾಕಿದರೆ ಎಷ್ಟು ಬರಬಹುದು ಅಂತ ಮಾವ ಲೆಕ್ಕ ಹಾಕ್ತಾ ಕೂತಿದ್ದರು.

ಕಂಪ್ಲಿಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ, ಎಲ್ಲರೂ ಚಾಚಾ ಅಂತಾರೆ. ಅಲ್ಲಿಗೆ ಹೋದ್ವಿ. ಅವರು ಅರ್ಧ ಗಂಟೆ ಸ್ಪ್ಯಾನರ್ ಮುಟ್ಟಲೇ ಇಲ್ಲ, ಬರೀ ಕೇಳಿದರು. ಪಿಕಪ್ ಹೋದಾಗ ಇಂಜಿನ್ ಸೌಂಡ್ ಜಾಸ್ತಿ ಆಗುತ್ತಾ? ಆಗುತ್ತೆ ಅಂದಿದ್ದರೆ ಕ್ಲಚ್ ಜಾರ್ತಿದೆ ಅಂತ. ಗಾಡಿ ನಿಲ್ಲಿಸಿ ಇಳಿದಾಗ ಯಾವುದಾದರೂ ಚಕ್ರ ಬಿಸಿ ಇರುತ್ತಾ? ಇದ್ದಿದ್ದರೆ ಬ್ರೇಕ್ ಹಿಡ್ಕೊಂಡಿದೆ. ಎರಡೂ ಇಲ್ಲ. "ಸರಿ, ಯಾವ ರೋಡಿನಾಗ ಮಿಸ್ ಹೊಡೀತೈತಿ?"

ಮಾವ ಹೇಳಿದ್ದು ಇಷ್ಟು. ಹಂಪಿ ರೋಡಿನಲ್ಲಿ ಏನೂ ತೊಂದರೆ ಇಲ್ಲ. ಸಂಡೂರು ಕಡೆ ಗುಡ್ಡದ ಏರಿನಲ್ಲಿ ಅದಿರು ಲಾರಿ ಹಿಂದೆ ಸಿಕ್ಕಿ, ಓವರ್‌ಟೇಕ್ ಮಾಡೋಕೆ ಆಕ್ಸಿಲರೇಟರ್ ಒತ್ತಿದರೆ ಜರ್ಕ್. ಕಂಪ್ಲಿಗೆ ಬೆಳಗಿನ ಜಾವ ಬಂದರೆ, ಕಾಲುವೆ, ಭತ್ತದ ಗದ್ದೆ, ಇಬ್ಬನಿ, ಸಪಾಟು ರೋಡಾದರೂ ಜರ್ಕ್, ಬಿಸಿಲೇರಿದರೆ ಸರಿ. ಇನ್ನೊಂದು ವಿಷಯ, ಹೊಸ ಪ್ಲಗ್ ಹಾಕಿದಾಗೆಲ್ಲ ಒಂದು ತಿಂಗಳು ಚೆನ್ನಾಗಿ ಓಡುತ್ತೆ.

ನಾನು ಇದನ್ನೆಲ್ಲ ಕೇಳಿಸ್ಕೊಂಡೇ ಇರಲಿಲ್ಲ. ನಾಲ್ಕು ತಿಂಗಳಿಂದ ಮೂರು ರೋಡು ಮೂರು ಟೆಸ್ಟ್ ಮಾಡಿ ರಿಸಲ್ಟ್ ಕೊಟ್ಟಿದ್ದವು, ಓದುವವರು ಇರಲಿಲ್ಲ.

ಚಾಚಾ ಇಂಜಿನ್ ಸ್ಟಾರ್ಟ್ ಮಾಡಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ಕಿತ್ತು ಮತ್ತೆ ಹಾಕಿದರು. ಪ್ರತಿ ಸಲವೂ ಇಂಜಿನ್ ಒಂದೇ ಥರ ಕುಗ್ಗಿತು. "ಮೂರೂ ಸಿಲಿಂಡರ್ ಜೀವಂತ ಅದಾವ. ಬಿಚ್ಚೋದು ಯಾಕ?" ಅಂದರು. ಸತ್ತ ಸಿಲಿಂಡರಿನ ವೈರ್ ಕಿತ್ತರೆ ಶಬ್ದ ಬದಲಾಗಲ್ಲ, ಅಷ್ಟೇ ಗುಟ್ಟು. ಕತ್ತಲಾಗೋ ತನಕ ಕೂರಿಸಿ, ಕಟಿಂಗ್ ಅಂಗಡಿಯ ಸ್ಪ್ರೇ ಬಾಟಲ್ ತಂದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಮೇಲೆ ನೀರು ಸಿಂಪಡಿಸಿದರು. ಕ್ಯಾಪಿನ ಮೇಲೆ ನೀಲಿ ಕಿಡಿ ಹರಿದಾಡಿತು, ಇಂಜಿನ್ ಮಿಸ್ ಹೊಡೀತು. ಒಂದು ವೈರಿನ ಬುಡದಿಂದ ಲೋಹದ ಕ್ಲಿಪ್ಪಿನ ತನಕ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಹೊಸ ಕ್ಯಾಪ್ ಹಾಕಿದರು, ಎಲ್ಲ ಸೇರಿ 600 ರೂಪಾಯಿ.

ಇದರಲ್ಲಿ ನಮಗೆ ಗೊತ್ತಿಲ್ಲದ ಥಿಯರಿ ಒಂದೂ ಇಲ್ಲ. ಪ್ಲಗ್ಗಿನ ಗ್ಯಾಪ್ ದಾಟೋಕೆ ಬೇಕಾದ ವೋಲ್ಟೇಜ್ ಒತ್ತಡದ ಜೊತೆ ಏರುತ್ತೆ, ಅದು ಪಾಶನ್ ನಿಯಮ. ಐಡಲಿಂಗ್‌ನಲ್ಲಿ ಸಿಲಿಂಡರಿಗೆ ಹೋಗೋ ಗಾಳಿ ಕಮ್ಮಿ, ಒತ್ತಡ ಕಮ್ಮಿ, ಕಿಡಿ ಸುಲಭ. ಏರಿನಲ್ಲಿ ಥ್ರಾಟಲ್ ಪೂರ್ತಿ ತೆರೆದಾಗ ಒತ್ತಡ ಜಾಸ್ತಿ, ವೋಲ್ಟೇಜ್ ಜಾಸ್ತಿ ಬೇಕು. ಆಗ ಅದು ಗ್ಯಾಪ್ ಬಿಟ್ಟು ಬಿರುಕಿನ ಸುಲಭದ ದಾರಿ ಹಿಡಿಯುತ್ತೆ. ಇಬ್ಬನಿ ಆ ದಾರಿಯನ್ನು ಇನ್ನೂ ಸುಲಭ ಮಾಡುತ್ತೆ. ಹೊಸ ಪ್ಲಗ್ಗಿನ ತುದಿ ಚೂಪು, ಗ್ಯಾಪ್ ಸರಿಯಾಗಿರುತ್ತೆ, ಕಡಿಮೆ ವೋಲ್ಟೇಜ್ ಸಾಕು. ಹಾಗಾಗಿ ಒಂದು ತಿಂಗಳು ರೋಗ ಅಡಗಿ ಕೂರುತ್ತೆ, ನಾವು "ಪ್ಲಗ್ಗೇ ಪ್ರಾಬ್ಲಮ್" ಅಂತ ನಂಬ್ತೀವಿ. 796 ಸಿಸಿಯ ಮೂರು ಸಿಲಿಂಡರಿನಲ್ಲಿ ಒಂದು ಕೈಕೊಟ್ಟರೆ ಮೂರರಲ್ಲೊಂದು ಭಾಗ ಶಕ್ತಿ ಹೋಯ್ತು, ಜೊತೆಗೆ ಉಳಿದೆರಡು ಅದನ್ನೂ ಎಳೀಬೇಕು.

ನನಗೆ ಹೊಟ್ಟೆ ಉರಿದಿದ್ದು ವೈರ್ ಕಿತ್ತಾಗ. ಅದು ಮೋರ್ಸ್ ಟೆಸ್ಟ್ ಕಣ್ರೀ! ಒಂದೊಂದೇ ಸಿಲಿಂಡರ್ ಕಟ್ ಮಾಡಿ, ಲೋಡ್ ಇಳಿಸಿ, ಸ್ಪೀಡ್ ಮೊದಲಿನಷ್ಟಕ್ಕೇ ತಂದು, ಬ್ರೇಕ್ ಪವರ್ ಎಷ್ಟು ಬಿತ್ತು ಅಂತ ನೋಡಿ ಇಂಡಿಕೇಟೆಡ್ ಪವರ್ ಲೆಕ್ಕ ಹಾಕ್ತೀವಲ್ಲ, ಅದೇ. ರೆಕಾರ್ಡ್ ಬುಕ್ಕಿನಲ್ಲಿ ಸೀನಿಯರ್ ರೀಡಿಂಗ್ ನೋಡಿ ಬರೆದು ಸಹಿ ಹಾಕಿಸ್ಕೊಂಡಿದ್ದೆ. ಅದು ರೋಗ ಹುಡುಕೋ ಉಪಾಯವೂ ಹೌದು ಅಂತ ವೈವಾದಲ್ಲಿ ಯಾರೂ ಕೇಳಲಿಲ್ಲ. ಯಾಕೆಂದರೆ ಲ್ಯಾಬಿನ ಇಂಜಿನ್ನಿಗೆ ರೋಗವೇ ಇಲ್ಲ. ಉತ್ತರ ಮೊದಲೇ ಗೊತ್ತಿರುತ್ತೆ, ನಾವು ಅದರ ಹತ್ತಿರ ಬಂದರೆ ಸಾಕು.

"ಈಗ ಎಲ್ಲ ಸ್ಕ್ಯಾನರ್ ಹೇಳುತ್ತೆ ಬಿಡೋ" ಅಂತ ರೂಮ್‌ಮೇಟ್ ಅಂದ. ಹೇಳುತ್ತೆ. ಪಿ0302 ಅಂತ ಬಂದರೆ ಎರಡನೇ ಸಿಲಿಂಡರ್ ಮಿಸ್. ಕ್ರ್ಯಾಂಕ್ ತಿರುಗೋ ವೇಗ ಎಲ್ಲಿ ತಡವರಿಸ್ತು ಅಂತ ಸೆನ್ಸರ್ ನೋಡಿ ಹೇಳೋದು ಅದು, ಚಾಚಾರ ಕಿವಿ ಮಾಡೋ ಕೆಲಸ. ಪ್ಲಗ್ಗಾ, ಕಾಯಿಲಾ, ಇಂಜೆಕ್ಟರಾ, ವಾಲ್ವಾ ಅನ್ನೋದನ್ನ ಅದು ಹೇಳಲ್ಲ. ಅಲ್ಲಿಂದಾಚೆ ಮತ್ತೆ ಪ್ರಶ್ನೆ ಕೇಳೋದೇ. (ಹೊಸ ಗಾಡಿಯಲ್ಲಿ ವೈರ್ ಕೀಳೋ ಸಾಹಸ ಬೇಡ, ಸುಡದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತೆ. ಹಳೇದರಲ್ಲೂ ಬರಿಗೈ ಹಾಕಬೇಡಿ.)

ಹಾಗಾಗಿ ಎಚ್‌ಒಡಿ ಸರ್ ಇದನ್ನ ಓದ್ತಿದ್ದರೆ ಒಂದು ಕೋರಿಕೆ. ಹೊಸ ರಿಗ್ ಬೇಡ ಸರ್. ಗುಜರಿಗೆ ಹೋಗೋ ಒಂದು ಹಳೇ ಗಾಡಿ ಸಾಕು. ಲ್ಯಾಬ್ ಅಟೆಂಡರ್ ಅಣ್ಣ ಬೆಳಿಗ್ಗೆ ಅದರಲ್ಲಿ ಏನಾದರೂ ಕೆಡಿಸಿಡಲಿ: ಏರ್ ಫಿಲ್ಟರಿಗೆ ಬಟ್ಟೆ ತುರುಕಲಿ, ಪ್ಲಗ್ ಗ್ಯಾಪ್ ಹಿಗ್ಗಿಸಲಿ, ವ್ಯಾಕ್ಯೂಮ್ ಪೈಪ್ ಕಿತ್ತಿಡಲಿ. ನಾಲ್ಕು ಜನರ ಬ್ಯಾಚ್ ಹುಡುಕಲಿ. ಮಾರ್ಕ್ಸ್ ಬರೀ ಉತ್ತರಕ್ಕೆ ಬೇಡ. ಏನು ಕೇಳಿದ್ವಿ, ಯಾವುದನ್ನ ಯಾಕೆ ಬಿಟ್ವಿ ಅನ್ನೋದಕ್ಕೆ ಕೊಡಿ. ಪಾರ್ಟ್ ಬದಲಾಯಿಸಿ ನೋಡಿದರೆ ಮೈನಸ್.

ಮಾವ ಈಗ ಸಂಡೂರಿನ ಏರಿನಲ್ಲಿ ಲಾರಿ ಓವರ್‌ಟೇಕ್ ಮಾಡಿದಾಗೆಲ್ಲ ನನಗೆ ಫೋನ್ ಮಾಡಿ "ಇಂಜೆಕ್ಟರ್ ಹೆಂಗೈತಪಾ?" ಅಂತ ಕೇಳ್ತಾರೆ. ಆ ಹಳೇ ಕ್ಯಾಪ್ ನನ್ನ ಹಾಸ್ಟೆಲ್ ಟೇಬಲ್ ಮೇಲಿದೆ. ನೋಡಬೇಕು ಅನ್ನೋರು ಬನ್ನಿ. ಗೆರೆ ಎಲ್ಲಿದೆ ಅಂತ ಮಾತ್ರ ನಾನು ತೋರಿಸಲ್ಲ.