ಗಾಜು ಒಂದೇ, ಗುಣ ಮೂರು

ಅಕ್ಕಿಯನ್ನು ಕೊಳ್ಳುವಾಗ ನಾವು ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ. ಸೀರೆಯನ್ನು ಕೊಳ್ಳುವಾಗ ಸೆರಗನ್ನು ಬೆಳಕಿಗೆ ಹಿಡಿಯುತ್ತೇವೆ. ಆದರೆ ಸಾವಿರಾರು ರೂಪಾಯಿ ತೆತ್ತು ಗಣಕಯಂತ್ರದ ಮಾನಿಟರನ್ನು ತರುವಾಗ ಮಾತ್ರ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ನಂಬಿ ಮನೆಗೆ ಮರಳುತ್ತೇವೆ. ಮಕ್ಕಳ ಪಾಠ, ಹಿರಿಯರ ಪತ್ರಿಕಾಪಠನ, ಮನೆಯ ಲೆಕ್ಕಪತ್ರ, ಇವೆಲ್ಲವೂ ಒಂದೇ ಪರದೆಯ ಮುಂದೆ ನಡೆಯುವ ಕಾಲವಿದು. ಕನ್ನಡ ಪತ್ರಿಕೆ ಸುಲಭವಾಗಿ ಕೈಗೆ ಸಿಗದ ಗಡಿಯಾಚೆಯ ಮನೆಗಳಲ್ಲಂತೂ ಕನ್ನಡವನ್ನು ಪರದೆಯ ಮೇಲೆಯೇ ಓದುವವರು ಅನೇಕರು. ಆದಕಾರಣ ಆ ಗಾಜಿನ ಹಿಂದೆ ಏನಿದೆ ಎಂಬುದನ್ನು ಈ ಸಲ ವಿಚಾರಿಸೋಣ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಅಂಗಡಿಗಳಲ್ಲಿ ‘ಎಲ್.ಇ.ಡಿ. ಮಾನಿಟರ್’ ಎಂದು ಮಾರುವುದು ಸಾಮಾನ್ಯವಾಗಿ ಎಲ್.ಸಿ.ಡಿ. ಮಾನಿಟರೇ. ಎಲ್.ಇ.ಡಿ. ಎಂಬುದು ಹಿಂಬದಿಯ ದೀಪದ ಹೆಸರು. ಮೊದಲು ಆ ಜಾಗದಲ್ಲಿ ಸಣ್ಣ ಕೊಳವೆದೀಪಗಳಿದ್ದವು. ಚಿತ್ರವನ್ನು ಮೂಡಿಸುವುದು ದೀಪದ ಮುಂದಿರುವ ದ್ರವಸ್ಫಟಿಕದ ತೆಳುಪದರ.

ದ್ರವಸ್ಫಟಿಕವೆಂದರೆ ದ್ರವದಂತೆ ಹರಿಯುತ್ತಲೂ ಹರಳಿನಂತೆ ಒಂದು ಕ್ರಮವನ್ನು ಉಳಿಸಿಕೊಂಡಿರುವ ವಸ್ತು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಖ್ ರೈನಿಟ್ಸರ್ 1888ರಲ್ಲಿ ಪ್ರಾಗ್ ನಗರದಲ್ಲಿ ಇದನ್ನು ಗುರುತಿಸಿದನು. ಅವನು ಪರೀಕ್ಷಿಸಿದ ವಸ್ತು ಸುಮಾರು 145 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಮಬ್ಬಾದ ದ್ರವವಾಯಿತು; ಸುಮಾರು 178 ಡಿಗ್ರಿಯಲ್ಲಿ ತಿಳಿಯಾಯಿತು.

ಇದು ಪರದೆಯಲ್ಲಿ ಕೆಲಸ ಮಾಡುವ ಬಗೆಯನ್ನು ಕಿಟಕಿಯ ಸರಳುಗಳಿಂದ ತಿಳಿಯಬಹುದು. ನೆಟ್ಟಗಿನ ಸರಳುಗಳ ನಡುವೆ ಊಟದ ತಟ್ಟೆಯನ್ನು ನೆಟ್ಟಗೆ ಹಿಡಿದರೆ ಹಾಯುತ್ತದೆ, ಅಡ್ಡ ಹಿಡಿದರೆ ಹಾಯದು. ಬೆಳಕಿನ ಕಂಪನಕ್ಕೂ ಇಂತಹ ದಿಕ್ಕುಂಟು. ಪರದೆಯಲ್ಲಿ ಇಂತಹ ಎರಡು ಜಾಲರಿಗಳಿದ್ದು, ಒಂದರ ದಿಕ್ಕು ನೆಟ್ಟಗೆ, ಇನ್ನೊಂದರದು ಅಡ್ಡ. ನಡುವೆ ದ್ರವಸ್ಫಟಿಕವಿಲ್ಲದಿದ್ದರೆ ಬೆಳಕು ಹೊರಬರಲಾರದು. ಸ್ಫಟಿಕದ ಅಣುಗಳು ಬೆಳಕಿನ ದಿಕ್ಕನ್ನು ತಿರುಗಿಸಿದಷ್ಟು ಮಾತ್ರ ಅದು ಎರಡನೆಯ ಜಾಲರಿಯನ್ನು ದಾಟುತ್ತದೆ. ಆ ಅಣುಗಳನ್ನು ವಿದ್ಯುತ್ತಿನಿಂದ ಆಡಿಸುವ ರೀತಿಯಲ್ಲಿಯೇ ಮೂರು ವಿಧಗಳ ಭೇದವೆಲ್ಲ ಅಡಗಿದೆ.

ಮೊದಲನೆಯದು ಟಿ.ಎನ್., ಅಂದರೆ ತಿರುಚಿದ ವಿಧ. ಇದರಲ್ಲಿ ಅಣುಗಳು ಸುರುಳಿಮೆಟ್ಟಿಲಿನಂತೆ 90 ಡಿಗ್ರಿ ತಿರುಗಿ ನಿಂತಿರುತ್ತವೆ. ವಿದ್ಯುತ್ತು ಹಾಯ್ದಾಗ ಸುರುಳಿ ಬಿಚ್ಚಿ ಬೆಳಕು ತಡೆಯಲ್ಪಡುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮಾರ್ಟಿನ್ ಶಾಟ್ ಮತ್ತು ವೋಲ್ಫ್‌ಗ್ಯಾಂಗ್ ಹೆಲ್ಫ್ರಿಕ್ ಇದಕ್ಕೆ 1970ರ ಡಿಸೆಂಬರಿನಲ್ಲಿ ಹಕ್ಕುಪತ್ರ ಕೋರಿದರು. ಬೆಲೆ ಅಗ್ಗ, ಚಲನೆ ಚುರುಕು. ಆದರೆ ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ಕೆಳಗಿನಿಂದ ನೋಡಿದರೆ ಬಿಳಿ ಕಪ್ಪಾಗಿ ಚಿತ್ರವೇ ತಲೆಕೆಳಗಾದಂತೆ ತೋರುವುದುಂಟು.

ಈ ದೋಷವನ್ನು ತಗ್ಗಿಸಿದ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ದ್ರವಸ್ಫಟಿಕದ ಅಣುಗಳು ಕಡ್ಡಿಯಾಕಾರದಲ್ಲಿಯೇ ಇರಬೇಕೆಂಬ ಭಾವನೆ ಬೇರೂರಿದ್ದಾಗ, ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಮುಂದೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆಯು ಅಂತಹ ಅಣುಗಳ ಪೊರೆಯೊಂದನ್ನು ತಯಾರಿಸಿ, ಟಿ.ಎನ್. ಪರದೆಯನ್ನು ಪಕ್ಕದಿಂದಲೂ ಮೊದಲಿಗಿಂತ ಚೆನ್ನಾಗಿ ಕಾಣುವಂತೆ ಮಾಡಿತು.

ಎರಡನೆಯದು ವಿ.ಎ. ವಿದ್ಯುತ್ತು ಇಲ್ಲದಾಗ ಇದರ ಅಣುಗಳು ಗಾಜಿಗೆ ಲಂಬವಾಗಿ ನಿಂತು ಬೆಳಕನ್ನು ಬಹುಮಟ್ಟಿಗೆ ಪೂರ್ಣವಾಗಿ ತಡೆಯುತ್ತವೆ. ಆದುದರಿಂದ ಕಪ್ಪು ನಿಜವಾಗಿಯೂ ಕಪ್ಪಾಗಿ ಕಾಣುತ್ತದೆ. ಬಿಳಿಗೂ ಕಪ್ಪಿಗೂ ಇರುವ ಅನುಪಾತ ಟಿ.ಎನ್. ಮತ್ತು ಐ.ಪಿ.ಎಸ್.ಗಳಲ್ಲಿ ಸಾಮಾನ್ಯವಾಗಿ ಸುಮಾರು 1000ಕ್ಕೆ 1 ಆದರೆ ಇದರಲ್ಲಿ ಸುಮಾರು 3000ಕ್ಕೆ 1. ರಾತ್ರಿ ದೀಪವಾರಿಸಿ ಚಲನಚಿತ್ರ ನೋಡುವವರಿಗೆ ಇದು ಒಳ್ಳೆಯದು. ಆದರೆ ಪಕ್ಕದಿಂದ ನೋಡಿದಾಗ ಬಣ್ಣ ಪೇಲವವಾಗುತ್ತದೆ. ಕತ್ತಲ ದೃಶ್ಯಗಳಲ್ಲಿ ವೇಗವಾಗಿ ಚಲಿಸುವ ವಸ್ತುವಿನ ಹಿಂದೆ ಮಸಿ ಬಳಿದಂತಹ ಜಾಡು ಉಳಿಯುವುದೂ ಉಂಟು.

ಮೂರನೆಯದು ಐ.ಪಿ.ಎಸ್. ಜಪಾನಿನ ಹಿಟಾಚಿ ಸಂಸ್ಥೆ 1990ರ ದಶಕದ ಮಧ್ಯದಲ್ಲಿ ಇದನ್ನು ಬಳಕೆಗೆ ತಂದಿತು. ಇದರಲ್ಲಿ ಅಣುಗಳು ಗಾಜಿಗೆ ಸಮಾನಾಂತರವಾಗಿ ಮಲಗಿದ್ದು, ಗಡಿಯಾರದ ಮುಳ್ಳಿನಂತೆ ಅದೇ ಸಮತಲದಲ್ಲಿ ತಿರುಗುತ್ತವೆ. ಏಳುವುದೂ ಬೀಳುವುದೂ ಇಲ್ಲವಾದ್ದರಿಂದ ಯಾವ ಕಡೆಯಿಂದ ನೋಡಿದರೂ ಬಣ್ಣ ಬಹುಮಟ್ಟಿಗೆ ಸ್ಥಿರ. ಕತ್ತಲ ಕೋಣೆಯಲ್ಲಿ ಕಪ್ಪು ತುಸು ಬೂದಿಬಣ್ಣಕ್ಕೆ ತಿರುಗುವುದು, ಮೂಲೆಗಳಲ್ಲಿ ಮಂದವಾದ ಹೊಳಪು ಕಾಣುವುದು ಇದರ ಕುಂದು.

ಇನ್ನು ಪೆಟ್ಟಿಗೆಯ ಮೇಲಿನ ಅಂಕಿಗಳ ವಿಚಾರ. ‘ನೋಟದ ಕೋನ 178 ಡಿಗ್ರಿ’ ಎಂದು ವಿ.ಎ.ಗೂ ಐ.ಪಿ.ಎಸ್.ಗೂ ಒಂದೇ ಸಮನಾಗಿ ಬರೆದಿರುತ್ತದೆ. ಬಿಳಿ-ಕಪ್ಪಿನ ಅನುಪಾತ 10ಕ್ಕೆ 1ರವರೆಗೆ ಕುಗ್ಗುವ ಕೋನವನ್ನು ಅಳೆಯುವುದು ಅದರ ವಾಡಿಕೆ. ಬಣ್ಣ ಕೆಟ್ಟಿತೇ ಎಂಬುದನ್ನು ಅದು ಹೇಳುವುದಿಲ್ಲ. ಲಕ್ಷ, ಕೋಟಿಗಳಲ್ಲಿ ಹೇಳುವ ‘ಡೈನಮಿಕ್’ ಅನುಪಾತವು ಹಿಂಬದಿಯ ದೀಪವನ್ನು ಏರಿಸಿ ಇಳಿಸಿ ಪಡೆದದ್ದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಓದುವವರು ಗಮನಿಸಲೇಬೇಕಾದ ಅಂಕಿ ಬೇರೊಂದಿದೆ. ನಮ್ಮ ಲಿಪಿಯ ಒತ್ತಕ್ಷರಗಳು ಸಣ್ಣವು. ‘ರಾಷ್ಟ್ರ’, ‘ಲಕ್ಷ್ಮಿ’, ‘ಸ್ತ್ರೀ’ ಎಂಬಲ್ಲಿ ಅಕ್ಷರದ ಅಡಿಯಲ್ಲಿಯೂ ಮಗ್ಗುಲಲ್ಲಿಯೂ ಇನ್ನೊಂದು ಅಕ್ಷರ ಕೂಡಬೇಕು. ಅವು ಸ್ಫುಟವಾಗಿ ಮೂಡಬೇಕಾದರೆ ಚುಕ್ಕಿಗಳು ದಟ್ಟವಾಗಿರಬೇಕು. 1920 ಅಡ್ಡ, 1080 ಉದ್ದ ಚುಕ್ಕಿಗಳುಳ್ಳ 24 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ಸುಮಾರು 92 ಚುಕ್ಕಿ. ಅಷ್ಟೇ ಚುಕ್ಕಿಗಳನ್ನು 27 ಅಂಗುಲಕ್ಕೆ ಹರಡಿದರೆ ಸುಮಾರು 82 ಮಾತ್ರ. ಎಂದರೆ ದೊಡ್ಡ ಪರದೆ ಕೊಂಡವರಿಗೆ ಒತ್ತಕ್ಷರ ಇನ್ನಷ್ಟು ಒರಟಾಗಿ ಕಾಣುತ್ತದೆ. 27 ಅಂಗುಲವೇ ಬೇಕೆನ್ನುವವರು 2560 ಅಡ್ಡ, 1440 ಉದ್ದ ಚುಕ್ಕಿಗಳದನ್ನು ಆರಿಸಬೇಕು. ಅಲ್ಲಿ ಅಂಗುಲಕ್ಕೆ ಸುಮಾರು 109.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಪರದೆಯ ಮುಂದೆ ಎಷ್ಟು ಜನ ಕೂಡುತ್ತಾರೆ, ಏನನ್ನು ನೋಡುತ್ತಾರೆ ಎಂಬುದೇ ಇದನ್ನು ನಿರ್ಣಯಿಸಬೇಕೆಂದು ನಾವು ಭಾವಿಸುತ್ತೇವೆ. ಒಬ್ಬರೇ ಕುಳಿತು ರಾತ್ರಿ ಚಿತ್ರ ನೋಡುವ ಮನೆಗೆ ವಿ.ಎ. ಸಾಕು. ಮಗು ನಡುವೆ, ತಾಯಿ ಪಕ್ಕದಲ್ಲಿ, ಅಜ್ಜ ಹಿಂದೆ ನಿಂತು ನೋಡುವ ಮನೆಗೆ ಐ.ಪಿ.ಎಸ್. ಉಚಿತ, ಇಂದು ಅದು ಸಾಧಾರಣ ಬೆಲೆಗೂ ದೊರೆಯುತ್ತದೆ. ಟಿ.ಎನ್. ಪರದೆ ಅಗ್ಗದ ಮಾದರಿಗಳಲ್ಲಿಯೂ ಹಳೆಯ ಸರಕಿನಲ್ಲಿಯೂ ಎದುರಾಗಬಹುದು. ಓದುವ ಮನೆಗೆ ಅದು ಬೇಡ. ಪ್ರತಿಯೊಂದು ಚುಕ್ಕಿಯೂ ತಾನೇ ಬೆಳಗುವ ಓ.ಎಲ್.ಇ.ಡಿ. ಪರದೆಯ ಕಪ್ಪು ಎಲ್ಲಕ್ಕಿಂತ ಗಾಢವಾದದ್ದು. ಆದರೆ ಬೆಲೆ ಹೆಚ್ಚು. ಗಂಟೆಗಟ್ಟಲೆ ಒಂದೇ ಚಿತ್ರ ನಿಂತರೆ ಅದರ ಗುರುತು ಅಚ್ಚೊತ್ತುವ ಭಯವೂ ಇದೆ.

ಅಂಗಡಿಯಲ್ಲಿ ಮೂರು ಪರೀಕ್ಷೆಗಳು ಸಾಕು. ಬಿಳಿಯ ಪುಟದ ಮೇಲೆ ಕನ್ನಡ ಬರಹವೊಂದನ್ನು ತೆರೆಯಿಸಿ ಒತ್ತಕ್ಷರಗಳನ್ನು ಓದಿರಿ. ಬಳಿಕ ಮನುಷ್ಯರ ಮುಖವಿರುವ ಚಿತ್ರವನ್ನು ತೆರೆಯಿಸಿ ಎಡಕ್ಕೂ ಬಲಕ್ಕೂ ಸರಿದು, ಕೆಳಗೆ ಬಾಗಿಯೂ ನೋಡಿರಿ, ಮೈಬಣ್ಣ ಬದಲಾಗಬಾರದು. ಕೊನೆಗೆ ಪೂರ್ತಿ ಕಪ್ಪು ಚಿತ್ರವನ್ನು ತರಿಸಿ ಮೂಲೆಗಳನ್ನು ಪರೀಕ್ಷಿಸಿರಿ. ಐದು ನಿಮಿಷದ ಕೆಲಸ. ಹಣ ತೆರುವವರು ಅಂಗಡಿಯಲ್ಲಿ ಬಾಗಿ ನೋಡುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ. ಹಾಗೆ ನೋಡದೆ ತಂದ ಪರದೆಯನ್ನಾದರೋ ಮನೆಮಂದಿಯೆಲ್ಲ ವರ್ಷಗಟ್ಟಲೆ ನೋಡಬೇಕಾಗುತ್ತದೆ.