ಹುಡುಗಿಗೆ ಒಂದು ಕೋರ್ ಸಾಕಾ?

ನಾಗಮಂಗಲದ ನನ್ನ ತಂಗಿ ಮಗಳು ಬಿ.ಸಿ.ಎ.ಗೆ ಸೇರ್ಕೊಂಡವ್ಳೆ. ಕಂಪ್ಯೂಟರ್ ತರ್ಬೇಕು. ಹೆಣ್ಣುಮಗು, ನಾಳೆ ಮದುವೆಯಾಗಿ ಹೋಗೋಳು, ಒಂದೇ ಕೋರಿನ ಸೆಲೆರಾನ್ ಸಾಕು ಅಂತಾನೆ ಪಾಂಡವಪುರದ ನಮ್ಮಣ್ಣ. ಹೋದ ವರ್ಷ ಅವನ ಮಗನಿಗೆ ಕೋರ್ 2 ಡ್ಯುಯೊ ತಂದಾಗ ಈ ಮಾತು ಯಾರ ಬಾಯಲ್ಲೂ ಬರಲಿಲ್ಲ. (ಇದನ್ನ ಅತ್ತಿಗೆ ಅವನಿಗೆ ಓದಿ ಹೇಳಿದ್ರೂ ಹೇಳ್ಲಿ.) ದುಡ್ಡೇನು ಅವನದಲ್ಲ. ತಂಗಿ ಡೈರಿಗೆ ಹಾಲು ಹಾಕಿ ಕೂಡಿಟ್ಟಿರೋದು.

ಕೋರ್ ಅಂದ್ರೇನು ಅಂತ ಕೆ.ಆರ್. ಪೇಟೆ ಚಿಕ್ಕಮ್ಮ ಕೇಳಿದ್ರು. ಪ್ರೊಸೆಸರ್ ಚಿಪ್ಪಿನೊಳಗೆ ಲೆಕ್ಕ ಮಾಡೋ ಭಾಗ ಅದು. ಒಂಟಿ ಒಲೆ ಸ್ಟವ್ವು, ಜೋಡಿ ಒಲೆ ಸ್ಟವ್ವು ಅನ್ಕೊಳಿ. ಜೋಡಿ ಒಲೆ ಇದ್ರೆ ಒಂದ್ರಲ್ಲಿ ಮುದ್ದೆಗೆ ಎಸರಿಟ್ಟು ಇನ್ನೊಂದ್ರಲ್ಲಿ ಉಪ್ಸಾರು ಮಾಡ್ಬೋದು. ಹಂಗಂತ ಒಂದು ಮುದ್ದೆ ಎರಡು ಪಟ್ಟು ಬೇಗ ಬೇಯಾಕಿಲ್ಲ. ಕಂಪ್ಯೂಟರೂ ಅಷ್ಟೇ. ಬರೀ ನುಡಿಯಲ್ಲಿ ಕಾಗದ ಟೈಪ್ ಮಾಡೋರಿಗೆ ಒಂದು ಕೋರೇ ಸಾಕು, ಸುಳ್ಳು ಹೇಳಲ್ಲ. ಆದ್ರೆ ಈ ಹುಡುಗಿ ಪ್ರೋಗ್ರಾಂ ಬರೀಬೇಕು, ಓಡಿಸಿ ನೋಡ್ಬೇಕು, ಪಕ್ಕದಲ್ಲಿ ಇಂಟರ್ನೆಟ್ ತೆಕ್ಕೊಂಡಿರಬೇಕು, ಹಿಂದೆ ಆಂಟಿವೈರಸ್ ಬೇರೆ ಹುಡುಕ್ತಾ ಇರ್ತದೆ. ಒಂಟಿ ಒಲೆ ಮೇಲೆ ಮದುವೆ ಅಡುಗೆ ಮಾಡ್ದಂಗೆ!

ಅಂಗಡಿಯೋರು ಗಿಗಾಹರ್ಟ್ಸ್ ಲೆಕ್ಕ ಹೇಳ್ತಾರೆ, ಅದಕ್ಕೆ ಮರುಳಾಗಬೇಡಿ. 3 ಗಿಗಾಹರ್ಟ್ಸಿನ ಹಳೇ ಪೆಂಟಿಯಂ 4ಕ್ಕಿಂತ 1.8ರ ಪೆಂಟಿಯಂ ಡ್ಯುಯಲ್-ಕೋರ್ ಚೆನ್ನಾಗಿ ಕೆಲಸ ಮಾಡ್ತದೆ, ಬಿಸಿನೂ ಕಡಿಮೆ. ಹೆಸರು ಮಾತ್ರ ಸರಿಯಾಗಿ ನೋಡ್ಕೊಳಿ. 2005ರಲ್ಲಿ ಬಂದ ಪೆಂಟಿಯಂ ಡಿ-ಗೂ ಎರಡು ಕೋರ್ ಉಂಟು, ಆದ್ರೆ ಅದು ಕಾದ ಹಂಚು. 2007ರಲ್ಲಿ ಬಂದ ಪೆಂಟಿಯಂ ಡ್ಯುಯಲ್-ಕೋರ್ ಬೇರೆ, ಅದನ್ನೇ ಕೇಳಿ.

ಇನ್ನು ರ‍್ಯಾಮ್. ಅದು ಅಡುಗೆಮನೆ ಕಟ್ಟೆ ಇದ್ದಂಗೆ. ಎರಡು ಒಲೆ ಇದ್ದೂ ಪಾತ್ರೆ ಇಡೋಕೆ ಜಾಗ ಇಲ್ದಿದ್ರೆ ಏನು ಬಂತು? 512 ಎಂ.ಬಿ. ಬೇಡ, 1 ಜಿ.ಬಿ. ಹಾಕ್ಸಿ. ಇದಕ್ಕೆಲ್ಲ ದುಡ್ಡು ಸಾಲದು ಅಂದ್ರೆ ದೊಡ್ಡ ಸ್ಪೀಕರ್ರು, ಟಿ.ವಿ. ಕಾರ್ಡು ಬಿಡಿ. ಅವನ್ನ ಆಮೇಲೂ ತರಬೋದು. ಪ್ರೊಸೆಸರ್ ಬದಲಾಯಿಸೋದು ಅಷ್ಟು ಸಲೀಸಲ್ಲ. ಯು.ಪಿ.ಎಸ್. ಮಾತ್ರ ಬಿಡಬೇಡಿ, ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ.

ಶ್ರೀರಂಗಪಟ್ಟಣದಿಂದ ಮೈಸೂರು ಏನು ದೂರ? ಮುಂದಿನ ವಾರ ತಂಗಿ, ಮಗಳು ಬರ್ತಾವ್ರೆ, ನಾನೂ ಜೊತೇಲಿ ಅಂಗಡಿಗೆ ಹೋಯ್ತೀನಿ. ಅಣ್ಣನ್ನ ಕರೆದಿಲ್ಲ.